ಕೋಡ್‌ಗೂ ಮೊದಲು ಮಾಡಬೇಕಾದ ಕೆಲಸ

‘ನನ್ನ ಲ್ಯಾಪ್‌ಟಾಪ್‌ದಾಗ ಓಡತೈತಲ್ಲೋ!’ ಹುಬ್ಬಳ್ಳಿಯ ವಿದ್ಯಾನಗರದ ರೂಮುಗಳಲ್ಲಿ ಪ್ರಾಜೆಕ್ಟ್ ಸಬ್ಮಿಷನ್ ಹೊತ್ತಿಗೆ ಈ ಮಾತು ಮಾಮೂಲು. ಓಡದೇ ಇರೋದು ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ. ಎಷ್ಟೋ ಸಲ ಕೋಡ್ ಸರಿಯೇ ಇರುತ್ತದೆ, ಕೆಟ್ಟಿರುವುದು ತಯಾರಿ.

ಬ್ಯಾಡಗಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿ ದರವನ್ನು ಗ್ರಾಫ್‌ನಲ್ಲಿ ತೋರಿಸುವ ಪುಟ್ಟ ಪ್ರೋಗ್ರಾಂ ಬರೆಯಬೇಕು ಅಂದುಕೊಳ್ಳಿ. ವಿಂಡೋಸ್ ಲ್ಯಾಪ್‌ಟಾಪ್, ಭಾಷೆ ಪೈಥಾನ್.

ಪೈಥಾನ್ ಹಾಕುವಾಗ ‘ಪಾತ್‌ಗೆ ಸೇರಿಸು’ ಎಂಬ ಚೌಕ ಕಂಡರೆ ಟಿಕ್ ಮಾಡಿ (ಪಾತ್ ಅಂದರೆ ಟೈಪ್ ಮಾಡಿದ ಕಮಾಂಡನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ). ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ತಲೆ ತಿನ್ನಬಹುದು. ಪ್ರಾಜೆಕ್ಟ್ ಫೋಲ್ಡರನ್ನು ಒನ್‌ಡ್ರೈವ್ ಒಳಗೆ ಇಡಬೇಡಿ. ಸಾವಿರಾರು ಸಣ್ಣ ಫೈಲುಗಳನ್ನು ಸುಮ್ನೆ ಅಪ್‌ಲೋಡ್ ಮಾಡುತ್ತ ಕೂರುತ್ತದೆ, ಹಾಟ್‌ಸ್ಪಾಟ್ ಡೇಟಾ ಖಾಲಿ.

ಈಗ ಮುಖ್ಯ ಹೆಜ್ಜೆ. ಪ್ರತಿ ಪ್ರಾಜೆಕ್ಟ್‌ಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಇರಲಿ, ಅಂದರೆ ಆ ಪ್ರಾಜೆಕ್ಟ್‌ನ ಲೈಬ್ರರಿಗಳಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗೆ) ಮೀಸಲಾದ ಫೋಲ್ಡರ್. ಇದ್ಯಾಕೆ ಅಂತೀರಾ? ಪಾಂಡಾಸ್ ಎಂಬುದು ಡೇಟಾ ಸಂಭಾಳಿಸುವ ಲೈಬ್ರರಿ. ಹಳೇ ಪಾಂಡಾಸ್‌ನಲ್ಲಿ ಡೇಟಾಫ್ರೇಮ್‌ಗೆ, ಅಂದರೆ ಅದರ ಟೇಬಲ್‌ಗೆ, ಸಾಲು ಸೇರಿಸಲು ‘ಅಪೆಂಡ್’ ಇತ್ತು. 2023ರಲ್ಲಿ ಬಂದ 2.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಎಲ್ಲ ಪ್ರಾಜೆಕ್ಟ್‌ಗೂ ಒಂದೇ ಪಾಂಡಾಸ್ ಇಟ್ಟುಕೊಂಡರೆ, ಮೆಣಸಿನಕಾಯಿ ಪ್ರಾಜೆಕ್ಟ್‌ಗೆಂದು ಹೊಸದು ಹಾಕಿದ ದಿನವೇ ಕಳೆದ ವರ್ಷದ ಪ್ರಾಜೆಕ್ಟ್ ಮಗುಚಿ ಬೀಳುತ್ತದೆ.

ಫೋಲ್ಡರ್ ಒಳಗೆ ಟರ್ಮಿನಲ್ ತೆರೆದು ‘ಪೈಥಾನ್ -ಎಂ ವೆನ್ವ್ .ವೆನ್ವ್’ ಎಂಬ ಕಮಾಂಡ್ ಕೊಡಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ). ‘.ವೆನ್ವ್’ ಎಂಬ ಫೋಲ್ಡರ್ ಹುಟ್ಟುತ್ತದೆ, ಅದೇ ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟ್. ಆಮೇಲೆ ಅದರೊಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನ ‘ಆಕ್ಟಿವೇಟ್’ ಓಡಿಸಿ. ಸಾಲಿನ ಮುಂದೆ ಆವರಣದಲ್ಲಿ ‘.ವೆನ್ವ್’ ಕಂಡರೆ ಕೆಲಸ ಆಯಿತು. ಟರ್ಮಿನಲ್‌ನಲ್ಲಿ ಪವರ್‌ಶೆಲ್ ತೆರೆದಿದ್ದರೆ ಅದು ಕೆಂಪು ಅಕ್ಷರದಲ್ಲಿ, ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಎಂದು ತಕರಾರು ತೆಗೆಯಬಹುದು. ಗಾಬರಿಯಾಗಿ ಪೈಥಾನನ್ನೇ ಕಿತ್ತುಹಾಕುವವರಿದ್ದಾರೆ! ಅದರ ಬದಲು ಅದೇ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಆಕ್ಟಿವೇಟ್’ ಓಡಿಸಿದರೆ ಸಾಕು.

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ಗೆ ಹೋಗಿ ಇದೇ ವೆನ್ವ್ ಆರಿಸಿ. ಬೇಕಾದ ಲೈಬ್ರರಿಗಳನ್ನು ಪಿಪ್ ಎಂಬ ಪೈಥಾನ್ ಸಾಧನದಿಂದ ಹಾಕಿ, ಹಾಕಿದ ಲೈಬ್ರರಿ, ಆವೃತ್ತಿಗಳದ್ದಾಗಿ ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ಗೆ ಬರೆಸಿ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಶುರು ಮಾಡಿ, ಅದು ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ವೆನ್ವ್ ಹೆಸರು ಸೇರಿಸಿ.

ವೆನ್ವ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕೊಟ್ಟರೆ ಉಪಯೋಗವಿಲ್ಲ, ನಿಮ್ಮ ಲ್ಯಾಪ್‌ಟಾಪ್‌ನ ಫೋಲ್ಡರ್ ವಿಳಾಸ ಅದರೊಳಗೆ ಬರೆದಿರುತ್ತದೆ. ಕೋಡ್ ಮತ್ತು ರಿಕ್ವೈರ್‌ಮೆಂಟ್ಸ್ ಫೈಲ್ ಕೊಡಿ, ಅವರೇ ವೆನ್ವ್ ಕಟ್ಟಿಕೊಳ್ಳಲಿ. ಅದಕ್ಕೂ ಮೊದಲು ನಿಮ್ಮ ವೆನ್ವ್ ಅಳಿಸಿ, ಅದೇ ಪಟ್ಟಿಯಿಂದ ಮತ್ತೆ ಕಟ್ಟಿ ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ.