ನನ್ನ ತಮ್ಮ ಅಮೆರಿಕದ ಕೌಂಟಿ (ಜಿಲ್ಲಾ) ಜೈಲಿನಲ್ಲಿದ್ದಾಗ ಕೆಲಸಕ್ಕೆ ಬಂದದ್ದು

ಕ್ಯಾಲಿಫೋರ್ನಿಯಾದಲ್ಲಿ ನನ್ನ ತಮ್ಮನನ್ನು ಕುಡಿದು ಕಾರು ಓಡಿಸಿದ ಆರೋಪದ ಮೇಲೆ ಪೊಲೀಸರು ಹಿಡಿದರು. ಕೌಂಟಿ ಜೈಲು ನೋಡಿಕೊಳ್ಳುವ ಶೆರಿಫ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಅವನ ಹೆಸರೇ ಇಲ್ಲ. ಬೆರಳಚ್ಚು, ಫೋಟೊ, ಜೇಬಿನ ವಸ್ತುಗಳ ಲೆಕ್ಕ ಎಲ್ಲ ಮುಗಿದು ಹೆಸರು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ, ಸರಿ. ಬೆಳಗಾದರೂ ಸಿಗಲಿಲ್ಲ. ಆಮೇಲೆ ಹೊಳೆಯಿತು: ಪಾಸ್‌ಪೋರ್ಟಿನಲ್ಲಿ ಅವನ ಸರ್‌ನೇಮ್ ಜಾಗದಲ್ಲಿರುವುದು ಅಪ್ಪನ ಹೆಸರು. ನಮ್ಮವರಲ್ಲಿ ಇದು ಮಾಮೂಲು ಅಲ್ವಾ? ಅಪ್ಪನ ಹೆಸರು, ತಮ್ಮನ ಹುಟ್ಟಿದ ದಿನ ಹಾಕಿದೆ. ಬುಕಿಂಗ್ ನಂಬರ್ (ಜೈಲಿನ ದಾಖಲೆ ಸಂಖ್ಯೆ), ಜಾಮೀನು ಮೊತ್ತ ಎರಡೂ ಬಂದವು.

ಅವನು ಫೋನ್ ಮಾಡಿದಾಗ ಏನಾಯ್ತು ಅಂತ ಕೇಳಲಿಲ್ಲ. ಜೈಲಿನ ಕರೆಗಳು ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಮಾತಾಡಿದರೂ ಅಷ್ಟೇ. "ಲಾಯರ್ ಬರ್ತಾರೆ, ಅಲ್ಲಿವರೆಗೂ ಕೇಸಿನ ಬಗ್ಗೆ ಯಾರ ಹತ್ರಾನೂ ಮಾತಾಡ್ಬೇಡ ಕಣೋ" ಅಂದೆ.

ನಮ್ಮ ಪರವಾಗಿ ಜಾಮೀನಿಗೆ ಹೊಣೆ ನಿಲ್ಲುವ ಬೇಲ್ ಬಾಂಡ್ ಏಜೆಂಟಿಗೆ ಅಲ್ಲಿ ಸಾಮಾನ್ಯವಾಗಿ ಜಾಮೀನು ಮೊತ್ತದ ಶೇ. 10 ಕೊಡಬೇಕು, ಆ ದುಡ್ಡು ವಾಪಸ್ ಬರುವುದಿಲ್ಲ. ಪೂರ್ತಿ ಮೊತ್ತ ನಾವೇ ಕಟ್ಟಿದರೆ, ಅವನು ತಪ್ಪದೆ ಕೋರ್ಟಿಗೆ ಹಾಜರಾದರೆ, ಕೇಸ್ ಮುಗಿದ ಮೇಲೆ ಸಿಗುತ್ತದೆ. ಆದರೆ ಲಾಯರ್ ತಡೆದರು. ಮೊದಲ ಸಲ, ಯಾರಿಗೂ ಪೆಟ್ಟಾಗಿಲ್ಲ ಅಂದರೆ ಎಷ್ಟೋ ಸಲ ದುಡ್ಡು ಕೇಳದೆ, ಕೋರ್ಟಿಗೆ ಬರುತ್ತೇನೆ ಅಂತ ಬರೀ ಸಹಿ ಹಾಕಿಸಿಕೊಂಡು ಬಿಡುತ್ತಾರಂತೆ. ಹಾಗೇ ಆಯಿತು.

ಲಾಯರನ್ನು ಹುಡುಕುವಾಗ ವೀಸಾ ವಿಷಯ ಮೊದಲೇ ಹೇಳಿದ್ದೆ. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಎಂದು ಲಾಯರ್ ತಿಳಿಸಲೇಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೀಗೆ ತೀರ್ಪು ಕೊಟ್ಟಿದೆ. ಇನ್ನೊಂದು, ಲೈಸೆನ್ಸ್ ಉಳಿಸಿಕೊಳ್ಳಲು ಡಿಎಂವಿ (ನಮ್ಮ ಆರ್‌ಟಿಒ ಥರದ ಇಲಾಖೆ) ವಿಚಾರಣೆಯನ್ನು 10 ದಿನದೊಳಗೆ ಕೇಳಬೇಕು. ಕೋರ್ಟ್ ಕೇಸೇ ಬೇರೆ, ಇದೇ ಬೇರೆ. ಬಿಡುಗಡೆಯಾದ ದಿನವೇ ಕೇಳಿಬಿಟ್ಟೆವು.