ತೊಡೆಗೆ ಬಡಿಯುವ ಬಿಸಿಗಾಳಿ: ಮಂಡ್ಯ–ಮೈಸೂರು ಓಡಾಟದಲ್ಲಿ ನಾನು ಮಾಡಿಕೊಂಡ ಉಪಾಯ

ಬೈಕಿನ ಬಿಸಿ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ. ಎಂಜಿನ್ ಬಿಸಿಯಾಗುವುದನ್ನು ತಪ್ಪಿಸೋಕೆ ಆಗುವುದಿಲ್ಲ. ಆ ಬಿಸಿ ನಮ್ಮ ತೊಡೆ ಮೇಲೆ ಬೀಳಬೇಕಾ, ಪಕ್ಕಕ್ಕೆ ಹೋಗಬೇಕಾ ಅನ್ನುವುದನ್ನು ಮಾತ್ರ ಒಂದಷ್ಟು ನಾವು ನೋಡಿಕೊಳ್ಳಬಹುದು.

ನಾನು ಮಂಡ್ಯದವನು. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಒಂದು ಕಡೆಗೆ 45 ಕಿಲೋಮೀಟರ್ ಆಸುಪಾಸು. ಸೆಕೆಂಡ್ ಶಿಫ್ಟ್ ಇರುವ ವಾರ ಮಧ್ಯಾಹ್ನ ನೆತ್ತಿ ಸುಡುವ ಹೊತ್ತಲ್ಲೇ ಹೊರಡಬೇಕು. ಬಿಸಿಲು ಇಳಿದ ಮೇಲೆ ಹೋಗಿ ಅನ್ನುವ ಸಲಹೆ ನನ್ನಂಥವರಿಗೆ ಉಪಯೋಗಕ್ಕೆ ಬಾರದು. ಬೈಕು ಒಂದೇ ಸಿಲಿಂಡರಿನದು, 400 ಸಿಸಿ ಹತ್ತಿರದ್ದು, ಎಂಜಿನ್ ತಣಿಸುವ ದ್ರವದ (ಕೂಲೆಂಟ್) ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಇರುವಂಥದ್ದು. ಕಂಪನಿ ಹೆಸರು ಬೇಡ. ಈ ಜಾತಿಯ ಬೈಕುಗಳೆಲ್ಲ ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಹೀಗೇ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅಲ್ಲಿಂದ ನಮಗೆ ಸರ್ವೀಸ್ ರೋಡೇ ಗತಿ. ಹೆದ್ದಾರಿಯ ವೇಗದಲ್ಲಿ ಬೈಕು ಓಡಿಸಬೇಕಿತ್ತೋ ಬೇಡವೋ, ಆ ಚರ್ಚೆ ಬೇರೆ. ಬಿಸಿ ಮಟ್ಟಿಗೆ ಹೇಳುವುದಾದರೆ ವ್ಯತ್ಯಾಸ ಅವತ್ತಿಂದಲೇ ಗೊತ್ತಾಯಿತು. ಮೊದಲು ಎಂಬತ್ತರಲ್ಲಿ ಹೋಗುವಾಗ ಎದುರುಗಾಳಿ ಎಲ್ಲ ಬಿಸಿಯನ್ನೂ ಹಿಂದಕ್ಕೆ ಹೊತ್ತುಕೊಂಡು ಹೋಗುತ್ತಿತ್ತು. ಈಗ ಹಂಪು, ಊರು, ಅಡ್ಡ ಬರುವ ಎಮ್ಮೆ, ಎದುರಿಗೇ ಬರುವ ಸ್ಕೂಟರು. ಮೂವತ್ತು ನಲವತ್ತರಲ್ಲಿ ತೆವಳಬೇಕು. ಗಾಳಿ ಸಾಲದೆ ರೇಡಿಯೇಟರಿನ ಫ್ಯಾನ್ ಶುರುವಾಗುತ್ತದೆ. ಫ್ಯಾನ್ ಶುರುವಾಯಿತು ಅಂದರೆ ತೊಡೆ ಸುಡೋಕೆ ಶುರುವಾಯಿತು ಅಂತಲೇ ಅರ್ಥ.

ಎಂಜಿನ್ ಕೆಟ್ಟಿದೆಯೇನೋ ಅಂತ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬೈಕನ್ನು ನಿಂತಲ್ಲೇ ಓಡಿಸಿ, ಫ್ಯಾನ್ ಬರುವ ತನಕ ಕಾದು, "ಏನೂ ಆಗಿಲ್ಲ ಕಣಣ್ಣ. ಫ್ಯಾನ್ ತಿರುಗ್ತಾ ಅದೆ, ಕೂಲೆಂಟ್ ಓಡ್ತಾ ಅದೆ. ಬಿಸಿ ಆಚೆ ಬರ್ಲೇಬೇಕಲ್ವಾ?" ಅಂದ. ಅವನ ಮಾತು ಸರಿ. ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಚಕ್ರಕ್ಕೆ ಹೋಗುವುದು ಕಾಲು ಭಾಗವೋ, ಮೂರನೇ ಒಂದು ಭಾಗವೋ ಅಷ್ಟೇ. ಮಿಕ್ಕಿದ್ದೆಲ್ಲ ಬಿಸಿ. ಅದರಲ್ಲಿ ಒಂದು ಪಾಲು ಸೈಲೆನ್ಸರ್ ಪೈಪಿನಲ್ಲಿ ಹೋಗುತ್ತದೆ, ಇನ್ನೊಂದು ಪಾಲು ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರ್ ಇರುವ ಬೈಕು ತಣ್ಣಗಿರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ತಣ್ಣಗಿರುವುದು ಎಂಜಿನ್. ಅದರಿಂದ ಕಿತ್ತ ಬಿಸಿಯನ್ನೆಲ್ಲ ಫ್ಯಾನ್ ನಮ್ಮ ಮಂಡಿ ಮೇಲೆ ಊದುತ್ತದೆ.

ಮೈಸೂರಿನಲ್ಲಿರುವ ನಮ್ಮ ಮಾವ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 1996ರಲ್ಲಿ ಅದು ನಿಂತರೂ ಅಲ್ಲೇ ತಯಾರಾದ ಅವರ ಯೆಜ್ಡಿ ಬೈಕು ಇನ್ನೂ ಓಡುತ್ತಿದೆ. "ನಮ್ ಗಾಡೀಲಿ ಇಂಥ ತಾಪತ್ರಯ ಇರ್ಲಿಲ್ಲ ನೋಡಪ್ಪ" ಅಂತ ಸಿಕ್ಕಾಗಲೆಲ್ಲ ಚುಚ್ಚುತ್ತಾರೆ. ಇರಲಿಲ್ಲ, ನಿಜ. ಆ 250 ಸಿಸಿ ಎಂಜಿನ್ನಿನ ಮುಂದೆ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಶಕ್ತಿಯೂ ನನ್ನ ಬೈಕಿನ ಅರ್ಧಕ್ಕಿಂತ ಕಮ್ಮಿ. ಮೇಲಾಗಿ 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಎಷ್ಟೋ ಬೈಕುಗಳಲ್ಲಿ ಅದನ್ನು ಎಂಜಿನ್ನಿಗೆ ಹತ್ತಿರ ಇಡುತ್ತಾರೆ. ಅಂದರೆ ನಮ್ಮ ಕಾಲಿಗೂ ಹತ್ತಿರ.

ಸರಿ, ಬಿಸಿ ಬರುವುದಂತೂ ಖಂಡಿತ. ಎಲ್ಲಿಂದ ಬರುತ್ತದೆ ಅಂತ ನೋಡಬೇಕಲ್ಲ. ಮನೆಯಲ್ಲಿ ಹೊಲಿಗೆ ನೂಲು ತಗೊಂಡು ಬೆರಳುದ್ದ ತುಂಡು ಮಾಡಿದೆ. ರೇಡಿಯೇಟರ್ ಪಕ್ಕ, ಟ್ಯಾಂಕಿನ ಕೆಳಗೆ, ಫ್ರೇಮಿನ ಅಂಚಿಗೆ, ಸೀಟಿನ ಮೂತಿಯ ಹತ್ತಿರ ಟೇಪಿನಲ್ಲಿ ಅಂಟಿಸಿದೆ. ಊದುಬತ್ತಿ ಹೊಗೆ ಇನ್ನೂ ಚೆನ್ನಾಗಿ ತೋರಿಸುತ್ತಿತ್ತು, ಮೈಸೂರು ಕಡೆ ಅದಕ್ಕೇನು ಬರ. ಆದರೆ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕೆಂಡ ಬೇಡ. ಅಂಗಳದಲ್ಲಿ ಎಂಜಿನ್ ಆನ್ ಮಾಡಿ ಫ್ಯಾನ್ ಬರುವ ತನಕ ಕಾದೆ. ಬಲಗಡೆ ನೂಲುಗಳು ಸುಮ್ನೆ ಅಲ್ಲಾಡಿದವು. ಎಡಗಡೆ ಟ್ಯಾಂಕಿಗೂ ಫ್ರೇಮಿಗೂ ನಡುವೆ ಎರಡು ಬೆರಳಗಲದ ಸಂದು ಇದೆ. ಅಲ್ಲಿಯ ನೂಲು ಮಾತ್ರ ಸೀದಾ ಹಿಂದಕ್ಕೆ, ಸೀಟಿನ ಕಡೆಗೆ, ಕಡ್ಡಿಯ ಹಾಗೆ ನಿಂತುಬಿಟ್ಟಿತು. ಕೈ ಇಟ್ಟೆ. ಇಡೋಕೆ ಆಗಲಿಲ್ಲ. ನನ್ನ ಎಡ ತೊಡೆಯ ಒಳಭಾಗ ಕೂರುವುದು ಸರಿಯಾಗಿ ಅಲ್ಲೇ.

ಆ ಸಂದಿಗೆ ಒಂದು ತಡೆ ಮಾಡಿದೆ. ಬಿಸಿ ತಡೆಯುವ ಫಾಯಿಲ್ ಶೀಟ್ ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ಕಡೆ ಗಮ್ಮು ಇರುತ್ತದೆ. ಅದನ್ನು ಟ್ಯಾಂಕಿನ ಕೆಳಗೆ, ಒಳಮೈಗೆ ಅಂಟಿಸಿದೆ. ಆಮೇಲೆ ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಅಂಗೈ ಅಗಲದ ತುಂಡು ಕತ್ತರಿಸಿ, ಅಂಚು ಮಡಚಿ, ರೇಡಿಯೇಟರ್ ಗಾರ್ಡಿನ ಬೋಲ್ಟಿಗೇ ಕೂರಿಸಿದೆ. ಗಾಳಿ ಅದಕ್ಕೆ ಬಡಿದು ಹೊರಕ್ಕೆ, ಕೆಳಕ್ಕೆ ತಿರುಗುತ್ತದೆ. ಇಲ್ಲಿ ಎಚ್ಚರ ಬೇಕು. ಗಾಳಿಯ ದಾರಿ ತಿರುಗಿಸಬೇಕೇ ಹೊರತು ಮುಚ್ಚಬಾರದು. ಮುಚ್ಚಿದರೆ ಎಂಜಿನ್ನಿಗೇ ಉಸಿರು ಕಟ್ಟುತ್ತದೆ. ಹಾಳೆ ಕೂರಿಸಿದ ಮೇಲೆ ಮೀಟರಿನ ಟೆಂಪರೇಚರ್ ಗೆರೆ ಮೊದಲಿನ ಹಾಗೇ ಇದೆಯಾ, ಫ್ಯಾನ್ ಮೊದಲಿಗಿಂತ ಜಾಸ್ತಿ ಹೊತ್ತು ತಿರುಗುತ್ತದಾ ಅಂತ ನೋಡಿಕೊಂಡೇ ಓಡಿಸಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿ, ವೈರು, ಕೇಬಲ್ ಯಾವುದೂ ಅದಕ್ಕೆ ಉಜ್ಜುವುದಿಲ್ಲ ಅಂತಲೂ ಖಾತ್ರಿ ಮಾಡಿಕೊಂಡೆ.

ಇನ್ನೊಂದು ದೊಡ್ಡ ಕೆಲಸ ರೇಡಿಯೇಟರ್ ತೊಳೆಯುವುದು. ನಮ್ಮ ಕಡೆ ಇದು ಬೇರೆ ಊರಿಗಿಂತ ಮುಖ್ಯ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲೇ ಒಕ್ಕಣೆ. ರಾಗಿ, ಹುರುಳಿ ಹಾಸಿರುತ್ತಾರೆ, ಅದರ ಮೇಲೆ ಗಾಡಿ ಓಡಿಸದೆ ಬೇರೆ ದಾರಿ ಇರುವುದಿಲ್ಲ. ಹೊಟ್ಟು ಎದ್ದು ಸೀದಾ ರೇಡಿಯೇಟರಿನ ಸಂದಿಗೆ ಹೋಗಿ ಕೂರುತ್ತದೆ. ನನ್ನ ಬೈಕಿನ ಮುಂದಿನ ಗಾರ್ಡ್ ಬಿಚ್ಚಿದಾಗ ಕೆಳಗಿನ ಭಾಗದಲ್ಲಿ ಹುರುಳಿ ಸಿಪ್ಪೆ, ಸತ್ತ ಹುಳ, ಮಣ್ಣು ಸೇರಿ ಗಟ್ಟಿ ಪದರವೇ ಕಟ್ಟಿತ್ತು. ಅಷ್ಟು ಭಾಗ ಇದ್ದೂ ಇಲ್ಲದ ಹಾಗೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳ ಉದ್ದಕ್ಕೇ ಮೆತ್ತಗೆ ತಿಕ್ಕಿ, ಹಿಂದಿನಿಂದ ಮುಂದಕ್ಕೆ ಪೈಪಿನ ಸಣ್ಣ ನೀರು ಬಿಟ್ಟೆ. ವಾಟರ್ ಸರ್ವೀಸಿನವರ ಪ್ರೆಶರ್ ಗನ್ ಹತ್ತಿರ ಹಿಡಿದರೆ ಆ ರೆಕ್ಕೆಗಳು ಮಲಗಿಬಿಡುತ್ತವೆ. ಮೊದಲೇ ಮಲಗಿದ್ದ ಕೆಲವನ್ನು ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಒಂದೊಂದೇ ಎತ್ತಿ ನಿಲ್ಲಿಸಿದೆ. ಸಹನೆ ಬೇಕು, ಆದರೆ ದುಡ್ಡಿನ ಖರ್ಚಿಲ್ಲ. ಇದಾದ ಮೇಲೆ ಫ್ಯಾನ್ ತಿರುಗುವುದೇ ಕಮ್ಮಿಯಾಯಿತು. ಈಗ ಶಿವರಾತ್ರಿ ಹೊತ್ತಿಗೆ, ಚಳಿ ಹೋಗುವ ಮೊದಲೇ, ಈ ಕೆಲಸ ಮುಗಿಸಿಕೊಳ್ಳುತ್ತೇನೆ. ಅಂದಹಾಗೆ ಒಕ್ಕಣೆ ಹುಲ್ಲು ದಾಟಿದ ಮೇಲೆ ಒಂದು ಸಲ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಒಣಹುಲ್ಲು ಸೈಲೆನ್ಸರ್ ಪೈಪಿಗೆ ಸಿಕ್ಕಿಕೊಂಡರೆ ಬೆಂಕಿ ಹತ್ತಿಕೊಳ್ಳಬಹುದು.

ಕೂಲೆಂಟ್ ಹಳೆಯದಾಗಿತ್ತು, ಬದಲಾಯಿಸಿದೆ. ನೀರು, ಎಥಿಲೀನ್ ಗ್ಲೈಕಾಲ್ ಅರ್ಧರ್ಧ ಇರುವ ರೆಡಿ ಡಬ್ಬಿಯೇ ಒಳ್ಳೆಯದು. ಅದು ಕುದಿಯುವುದು ನೀರಿಗಿಂತ ಮೇಲೆ, 107 ಡಿಗ್ರಿ ಹತ್ತಿರ. ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು, ಮುಖಕ್ಕೇ ಹಾರುತ್ತದೆ. ಹಳೇ ಕೂಲೆಂಟನ್ನು ಮೋರಿಗೆ ಚೆಲ್ಲಬೇಡಿ. ಸಿಹಿ ಇರುತ್ತದೆ, ಬೀದಿನಾಯಿ ನೆಕ್ಕಿದರೆ ಸತ್ತೇ ಹೋಗುತ್ತದೆ.

ಬಿಟ್ಟಿ ಸಲಹೆಗಳು ಬೇಕಾದಷ್ಟು ಬಂದವು. ಥರ್ಮೋಸ್ಟಾಟ್ ಕಿತ್ತು ಬಿಸಾಕು ಅಂದರು ಒಬ್ಬರು. ಎಂಜಿನ್ ಕಾಯುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ಎಂಜಿನ್ ಬಿಸಿಯಾದಾಗ ಅದು ಹೇಗಿದ್ದರೂ ಪೂರ್ತಿ ತೆರೆದೇ ಇರುತ್ತದೆ. ಕಿತ್ತರೆ ಬೇಸಿಗೆಯಲ್ಲಿ ಲಾಭ ಇಲ್ಲ, ಬೆಳಗ್ಗೆ ಎಂಜಿನ್ ಕಾಯುವುದು ತಡ, ಪೆಟ್ರೋಲೂ ಜಾಸ್ತಿ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸು ಅಂದರು ಇನ್ನೊಬ್ಬರು. ಅದು ಕಾನೂನಿಗೆ ವಿರುದ್ಧ, ಹಿಂದೆ ಬರುವವರ ಮೂಗಿಗೂ ಒಳ್ಳೆಯದಲ್ಲ. ಸೈಲೆನ್ಸರ್ ಪೈಪಿಗೆ ಸುತ್ತುವ, ಬಿಸಿ ತಡೆಯುವ ಪಟ್ಟಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಪೈಪು ತುಕ್ಕು ಹಿಡಿಯುತ್ತದೆ. ದಿನಾ ಓಡಿಸುವ ಬೈಕಿಗೆ ನಾನಂತೂ ಸುತ್ತುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಪ್ಯಾಂಟು. ಆಫೀಸಿಗೆ ಹಾಕುವ ತೆಳು ಪಾಲಿಯೆಸ್ಟರ್ ಪ್ಯಾಂಟಿಗಿಂತ ಕೆಟ್ಟದ್ದು ಇನ್ನೊಂದಿಲ್ಲ, ಬೆವರಿಗೆ ತೊಡೆಗೆ ಅಂಟಿಕೊಂಡು ಬಿಸಿಯನ್ನು ಸೀದಾ ಒಳಗೆ ಬಿಡುತ್ತದೆ. ಬೇಸಿಗೆಗೆ ಅಂತ ಮಾರುವ ಪೂರ್ತಿ ಜಾಲರಿಯ ರೈಡಿಂಗ್ ಪ್ಯಾಂಟೂ ನನಗೆ ಒಗ್ಗಲಿಲ್ಲ. ಎದುರುಗಾಳಿ ಬರುವ ಹಾಗೆಯೇ ರೇಡಿಯೇಟರಿನ ಗಾಳಿಯೂ ಅದರಲ್ಲಿ ನುಗ್ಗುತ್ತದೆ. ದಪ್ಪ ಜೀನ್ಸು, ಅದರ ಮೇಲೆ ಗಟ್ಟಿ ಚಿಪ್ಪಿನ ನೀ ಗಾರ್ಡ್ ಹಾಕುತ್ತೇನೆ. ಬಿದ್ದರೆ ಇರಲಿ ಅಂತ ಹಾಕಿದ್ದು, ಬಿಸಿಗೂ ಅಡ್ಡ ನಿಂತಿತು. ಕೆಲಸದ ಪ್ಯಾಂಟು ಬ್ಯಾಗಿನಲ್ಲಿರುತ್ತದೆ. ಬರ್ಮುಡಾದಲ್ಲಿ ಬೈಕು ಓಡಿಸುವ ಹುಡುಗರನ್ನು ನೋಡಿದರೆ ನನಗೆ ಅವರ ಮೀನಖಂಡದ್ದೇ ಚಿಂತೆ.

ಮೈಮೇಲಿನ ಬಿಸಿಲಿನದ್ದು ಬೇರೆ ಲೆಕ್ಕ. ಏಪ್ರಿಲ್‌ನಲ್ಲಿ ಮಂಡ್ಯದಲ್ಲಿ 37 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಗಾಳಿ 35 ಡಿಗ್ರಿ ದಾಟಿತು ಅಂದರೆ ಅದು ಚರ್ಮಕ್ಕಿಂತ ಬಿಸಿ. ಎಷ್ಟು ವೇಗವಾಗಿ ಹೋದರೂ ಬರೀ ಗಾಳಿಯಿಂದ ತಂಪಾಗುವುದಿಲ್ಲ, ಬೆವರು ಆರಿದರೆ ಮಾತ್ರ ತಂಪು. ಹಾಗಾಗಿ ಒಳಗಿನ ಹತ್ತಿ ಬನಿಯನ್ ಒದ್ದೆ ಮಾಡಿ, ಹಿಂಡಿ, ಮೇಲೆ ಜಾಕೆಟ್ ಹಾಕುತ್ತೇನೆ. ಶ್ರೀರಂಗಪಟ್ಟಣದ ಹತ್ತಿರ ನಿಲ್ಲಿಸಿ ಒಂದು ಎಳನೀರು. ಬನಿಯನ್ ಆರಿದ್ದರೆ ಇನ್ನೊಂದು ಸಲ ನೀರು.

ಮೈಸೂರು ಊರೊಳಗೆ ಹೋಗಬೇಕಾದಾಗ ಸಿಗ್ನಲ್‌ಗಳದ್ದೇ ಕಾಟ. ಮಿಲೇನಿಯಂ ಸರ್ಕಲ್ ಹತ್ತಿರ ನಿಲ್ಲಬೇಕಾಗಿ ಬಂದರೆ ಎಂಜಿನ್ ಆಫ್ ಮಾಡಿಬಿಡುತ್ತೇನೆ, ಎಡಗಾಲು ಸ್ವಲ್ಪ ಅಗಲಕ್ಕೆ ಇಡುತ್ತೇನೆ. ನನ್ನ ಬೈಕಿನಲ್ಲಿ ಕೀ ಆಫ್ ಮಾಡಿದರೆ ಫ್ಯಾನೂ ನಿಲ್ಲುತ್ತದೆ. ಎಂಜಿನ್ ತುಂಬಾ ಕಾದಿದ್ದರೆ ಎಂಜಿನ್ ಮಾತ್ರ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ ಕೀ ಆನ್ ಇಟ್ಟರೆ ಫ್ಯಾನ್ ಸ್ವಲ್ಪ ಹೊತ್ತು ಓಡುತ್ತದೆ. ಬ್ಯಾಟರಿ ಹಳೆಯದಾದರೆ ಇದನ್ನು ಜಾಸ್ತಿ ಮಾಡಬಾರದು.

ಒಂದು ಜಾಗ ಮಾತ್ರ ಇನ್ನೂ ಸರಿಹೋಗಿಲ್ಲ. ಬಲಗಾಲಿನ ಪಾದದ ಪಕ್ಕ, ಕ್ಲಚ್ ಕವರ್ ತಾಗುವ ಕಡೆ. ಅಲ್ಲಿ ಗಾಳಿಯಲ್ಲ, ಲೋಹವೇ ಬಿಸಿ, ತಿರುಗಿಸೋಕೆ ಏನೂ ಇಲ್ಲ. ಕಣಕಾಲು ಮುಚ್ಚುವ ಚರ್ಮದ ಶೂ ಹಾಕಿಕೊಂಡು ಹೋಗುತ್ತಿದ್ದೇನೆ. ಯಾರಾದರೂ ಆ ಕವರಿಗೆ ಹೊರಗಿನಿಂದ ಏನಾದರೂ ಕೂರಿಸಿ ನೋಡಿದ್ದರೆ, ಎರಡು ಬೇಸಿಗೆ ತಡೆದಿದ್ದರೆ, ಹೇಳಿ.