ಮಂಗನ ಕಾಯಿಲೆ ಉಪನ್ಯಾಸ ನವೆಂಬರಿನಲ್ಲೇ ಆಗಬೇಕು

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ವೈದ್ಯಕೀಯ ಸಂಶೋಧನೆಯ ಉಪನ್ಯಾಸ ಏರ್ಪಡಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕ್ಷಯ, ಸಕ್ಕರೆ ಕಾಯಿಲೆ, ರಕ್ತಹೀನತೆ ಇವೆಲ್ಲ ವರ್ಷದ ಯಾವ ತಿಂಗಳಲ್ಲಾದರೂ ನಡೆಯುತ್ತವೆ. ಮಂಗನ ಕಾಯಿಲೆಯದು ಮಾತ್ರ ನವೆಂಬರ್ ದಾಟಬಾರದು ಅಂತ ನನ್ನ ಹಟ.

ಕಾರಣ ಉಣುಗು. ಕಾಡಿನಲ್ಲಿ ಮೈಗೆ ಹತ್ತಿ ರಕ್ತ ಹೀರುವ ಈ ಹುಳುವೇ ಕಾಯಿಲೆಯ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು. ಮಳೆ ನಿಂತ ಮೇಲೆ ಮರಿ ಉಣುಗುಗಳು ಬೆಳೆಯುತ್ತಾ ಬಂದು, ಡಿಸೆಂಬರಿನಿಂದ ಮೇ ತನಕ ಮನುಷ್ಯರಿಗೆ ಹತ್ತುತ್ತವೆ. ನಮ್ಮ ಜನ ಸೌದೆಗೆ, ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಗಿಗೆ ಅಂತ ಕಾಡು ಹೊಗುವುದೂ ಆಗಲೇ. ಫೆಬ್ರವರಿಯಲ್ಲಿ ಉಪನ್ಯಾಸ ಇಟ್ಟರೆ ಆಶಾ ಕಾರ್ಯಕರ್ತೆಯರಾಗಲಿ ಫಾರೆಸ್ಟ್ ವಾಚರ್‌ಗಳಾಗಲಿ ಬರಲು ಆಗುವುದೇ ಇಲ್ಲ. ಅವರು ಜ್ವರದ ಮನೆಗಳನ್ನು ಸುತ್ತುತ್ತಿರುತ್ತಾರೆ, ಮಂಗ ಸತ್ತ ಜಾಗಕ್ಕೆ ಉಣುಗು ಸಾಯಲಿ ಅಂತ ಮೆಲಾಥಿಯಾನ್ ಪುಡಿ ಹಾಕಿಸುತ್ತಿರುತ್ತಾರೆ. ಆಮೇಲೆ ಸಭಾಂಗಣದಲ್ಲಿ ಉಳಿಯುವುದು ನಾವೂ, ಹಾಜರಾತಿಗೆ ಬಂದ ಹುಡುಗರೂ ಅಷ್ಟೇ.

ಶುರು ಹನ್ನೊಂದಕ್ಕೆ. ತೀರ್ಥಹಳ್ಳಿ, ಸಾಗರದ ಕಡೆಯವರು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಬರಬೇಕಲ್ವಾ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊನೆಯಲ್ಲಿ, ಊಟಕ್ಕೆ ಏಳುವ ಮುಂಚೆ. ಮೊದಲೇ ಇಟ್ಟರೆ ಸ್ವಾಗತ ಭಾಷಣವೇ ಅರ್ಧ ಹೊತ್ತು ನುಂಗುತ್ತದೆ.

ಉಪನ್ಯಾಸಕರಿಗೆ ಒಂದು ವಾರ ಮೊದಲೇ ಫೋನ್ ಮಾಡುತ್ತೇನೆ. ಇತಿಹಾಸಕ್ಕೆ ಒಂದೇ ಸ್ಲೈಡು ಸಾಕು ಅಂತ ಬೇಡಿಕೊಳ್ಳುತ್ತೇನೆ. ಬಹಳ ಜನಕ್ಕೆ ಇದು ಕಷ್ಟ, ಯಾಕೆಂದರೆ ಕಥೆ ಸೊಗಸಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲ ಊರುಗಳಲ್ಲಿ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದಾಗ ಮೊದಲು ಅನುಮಾನ ಬಿದ್ದದ್ದು ಹಳದಿ ಜ್ವರದ ಮೇಲೆ. ಸಿಕ್ಕ ವೈರಸ್ಸು ರಷ್ಯಾದ ಕಡೆಯ ಉಣುಗು ಜ್ವರದ ವೈರಸ್ಸಿಗೆ ಹತ್ತಿರದ್ದು. ಹಾಗಾದರೆ ವಲಸೆ ಹಕ್ಕಿಗಳು ತಂದವಾ ಅಂತ ಹುಡುಕಾಟ ಶುರುವಾಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ಹಾಕಿಸಿದ ಕೆಲಸಕ್ಕೂ ಈ ಕಾಯಿಲೆಗೂ ನಂಟು ಬಂದದ್ದು ಹೀಗೆ. ಕೇಳಲು ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ ಮುಂದಿನ ತಿಂಗಳು ಜ್ವರದ ಮನೆಗೆ ಹೋಗುವವಳಿಗೆ ಬೇಕಾದದ್ದು ಅದಲ್ಲ.

ಎರಡನೆಯ ಬೇಡಿಕೆ: ರೋಗಿಗಳ ಫೋಟೊ ಬೇಡ, ಮನೆ ಮನೆ ಗುರುತು ಹಾಕಿದ ನಕ್ಷೆಯೂ ಬೇಡ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಕಾಯಿಲೆ ಹರಡಿದಾಗ ಆ ಊರಿನ ಹೆಸರು ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಅಂಥ ಊರಿನವರೂ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರ ಮನೆಯ ಸಾವು ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಬರುವುದು ನನಗೆ ಒಪ್ಪಿಗೆಯಿಲ್ಲ.

ಜಾಸ್ತಿ ಹೊತ್ತು ತಗೊಳ್ಳುವುದು ಅಂಕಿಗಳು. ಹಳೆಯ ಲಸಿಕೆ ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದನ್ನೇ ನೋಡಿ. 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ಪರಿಣಾಮ 62.4%, ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ 82.9%. ಸ್ಲೈಡಿನಲ್ಲಿ ಇಷ್ಟೇ ಇದ್ದರೆ ಕೇಳುವವರು ಏನು ಅಂದುಕೊಳ್ಳುತ್ತಾರೆ? ನೂರು ಜನಕ್ಕೆ ಚುಚ್ಚಿದರೆ ಮೂವತ್ತೆಂಟು ಜನಕ್ಕೆ ಜ್ವರ ಗ್ಯಾರಂಟಿ ಅಂತ. ಎಂಎಸ್ಸಿ ಹುಡುಗರೂ ಹಾಗೇ ಅಂದುಕೊಳ್ಳುತ್ತಾರೆ. ಅದಕ್ಕೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ ಅನ್ನುತ್ತೇನೆ. ಒಂದೇ ಥರದ ಎರಡು ಊರು, ಎರಡರಲ್ಲೂ ಸಾವಿರ ಜನ. ಲಸಿಕೆ ಇಲ್ಲದ ಊರಿನಲ್ಲಿ ಹತ್ತು ಜನಕ್ಕೆ ಕಾಯಿಲೆ ಬಂತು ಅಂತಿಟ್ಟುಕೊಳ್ಳಿ. ಎಲ್ಲರೂ ಎರಡು ಡೋಸ್ ಪಡೆದ ಊರಿನಲ್ಲಿ ಸುಮಾರು ನಾಲ್ಕು ಜನಕ್ಕೆ ಬರುತ್ತದೆ. ಬೂಸ್ಟರ್ ಪಡೆದ ಊರಾದರೆ ಎರಡಕ್ಕಿಂತ ಕಡಿಮೆ. ಸೀಮೆಸುಣ್ಣದಲ್ಲಿ ಹತ್ತು ಗೆರೆ ಎಳೆದು ಆರು ಅಳಿಸಿದರೆ ಹಿಂದಿನ ಸಾಲಿನವರೂ ತಲೆಯಾಡಿಸುತ್ತಾರೆ.

ಅಲ್ಲಿಂದ ಮಾತು ತಾನೇ ಮುಂದಕ್ಕೆ ಹೋಗುತ್ತದೆ. ಆ ಲಸಿಕೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಇಷ್ಟು ಸಲ ತೋಳು ಒಡ್ಡುವವರು ಯಾರು? ಚುಚ್ಚಿದ ಕಡೆ ನೋವೂ ಜೋರು. ಈಗ ಆ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ, ಕೈಯಲ್ಲಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಹಾಗಾಗಿ ಹಳೇ ಲಸಿಕೆಯ ಅಂಕಿ ಯಾಕೆ ಅಂತ ಕೇಳುವವರಿದ್ದಾರೆ. ಹೊಸ ಲಸಿಕೆ ಬಂದ ದಿನ ಮತ್ತೆ ಇಂಥದೇ ಅಂಕಿ ಹಿಡಿದು ಮನೆ ಬಾಗಿಲಿಗೆ ಹೋಗಬೇಕಾದವರು ಇದೇ ಆಶಾಗಳು ತಾನೇ.

ಪ್ರಶ್ನೆಗಳಿಗೆ ಚೀಟಿ ಪದ್ಧತಿ ಇಟ್ಟಿದ್ದೇನೆ. ಪ್ರೊಫೆಸರರ ಎದುರು ಮೈಕ್ ಹಿಡಿಯಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಮೊದಲು ಓದುವುದು ಹೊರಗಿನಿಂದ ಬಂದವರ ಚೀಟಿ, ಮೇಷ್ಟ್ರುಗಳದು ಕಡೆಗೆ. ಆದರೂ ಒಮ್ಮೆ ತೀರ್ಥಹಳ್ಳಿ ಕಡೆಯ ಆಶಾ ಒಬ್ಬರು ಚೀಟಿ ಬರೆಯದೆ ಎದ್ದೇ ನಿಂತರು.

“ಸಾರ್, ರಿಪೋರ್ಟು ನೆಗೆಟಿವ್ ಬಂತು. ಜ್ವರ ಇಳೀಲಿಲ್ಲ. ಮನೆಯವ್ರು ನನ್ನನ್ನೇ ಬೈತಾರೆ. ಏನಂತ ಹೇಳ್ಲಿ?”

“ರಕ್ತ ತೆಗೆದಿದ್ದು ಜ್ವರ ಬಂದ ಎಷ್ಟನೇ ದಿನಕ್ಕಮ್ಮ?”

ಅವರಿಗೆ ದಿನ ಗೊತ್ತಿತ್ತು. ಲ್ಯಾಬಿಗೆ ಹೋದ ಫಾರಂನಲ್ಲಿ ಆ ಜಾಗ ಖಾಲಿಯಿತ್ತು. ಉಪನ್ಯಾಸಕರು ಸ್ಲೈಡು ಬಿಟ್ಟು ಅದನ್ನೇ ಬಿಡಿಸಿ ಹೇಳಿದರು. ಮೊದಲ ಕೆಲವು ದಿನ ವೈರಸ್ಸು ರಕ್ತದಲ್ಲೇ ಇರುತ್ತದೆ, ಆಗ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಹಿಡಿಯುತ್ತದೆ. ದಿನ ಕಳೆದ ಹಾಗೆ ವೈರಸ್ಸು ಕಡಿಮೆಯಾಗಿ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಐಜಿಎಂ ಏರುತ್ತದೆ, ಆಗ ಅದನ್ನು ಹುಡುಕುವ ಎಲೈಸಾ ಪರೀಕ್ಷೆ ಮಾಡಬೇಕು. ದಿನ ಬರೆಯದಿದ್ದರೆ ಯಾವ ನೆಗೆಟಿವ್ವನ್ನು ನಂಬುವುದು? ಇನ್ನೊಂದು ಮಾತೂ ಸೇರಿಸಿದರು: ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು ಕೆಲವರಿಗೆ ಮತ್ತೆ ಬರುತ್ತದೆ, ಆಗ ತಲೆನೋವು, ಕುತ್ತಿಗೆ ಬಿಗಿತ, ಬಡಬಡಿಕೆ. ವಾಸಿಯಾಯಿತು ಅಂತ ಆ ಮನೆಗೆ ಹೋಗುವುದನ್ನು ಬಿಡಬೇಡಿ. ಆ ದಿನದ ಉಪನ್ಯಾಸದಲ್ಲಿ ಇದಕ್ಕಿಂತ ಉಪಯೋಗದ ಭಾಗ ನನಗೆ ಕಾಣಲಿಲ್ಲ.

ಉತ್ತರ ಸಿಗದ ಚೀಟಿಗಳನ್ನು ಉಪನ್ಯಾಸಕರಿಗೆ ಕಳಿಸಿ, ಬಂದ ಉತ್ತರವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಅವರಿಂದಲೇ ತಿದ್ದಿಸಿ ಆಶಾಗಳ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಕೆಲವರು ಉತ್ತರ ಕೊಡಲು ಸತಾಯಿಸುತ್ತಾರೆ, ಬಿಡದೆ ಫೋನ್ ಮಾಡುತ್ತೇನೆ. ಪ್ರತಿ ಸಲ ಬರುವ ಚೀಟಿ ದನದ್ದು: ಕಾಡಿಗೆ ಮೇಯಲು ಹೋದ ದನದಿಂದ ಕಾಯಿಲೆ ಮನೆಗೆ ಬರುತ್ತದಾ? ದನಕ್ಕೆ ಈ ಜ್ವರ ಬರುವುದಿಲ್ಲ, ಆದರೆ ಅದರ ರಕ್ತ ಕುಡಿದು ಉಣುಗು ಹೆಚ್ಚುತ್ತದೆ ಅಂತ ಉತ್ತರ. ಕೊಟ್ಟಿಗೆಯ ದನಕ್ಕೆ ಉಣುಗಿನ ಔಷಧಿ ಹಾಕಿಸಲು ಪಶು ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು ಅನ್ನುವುದನ್ನೂ ಅದೇ ಪುಟದ ಕೆಳಗೆ ಬರೆಯುತ್ತೇನೆ.